ಎದುರಂಗಡಿಯ ಗಾಳಿ

ಜಗಳಕ್ಕೆ ಕಾರಣ ಒಂದೇ ಒಂದು ಕೂದಲು. ಇಸ್ತ್ರಿ ಅಕ್ಕ ಅದನ್ನು ಬಿಳಿ ಹೊದಿಕೆಯ ಮೇಲಿಂದ ಎತ್ತಿ, ಸತ್ತ ಹಲ್ಲಿಯ ಬಾಲ ಹಿಡಿದಂತೆ ಹಿಡಿದುಕೊಂಡು, ಓಣಿ ದಾಟಿ ಎದುರಿನ ಕ್ಷೌರದಂಗಡಿಗೆ ಬಂದಳು.

"ನೋಡಪ್ಪಾ ಮಾಸ್ಟ್ರೇ, ನಿನ್ನ ಗಿರಾಕಿ ನನ್ನಂಗಡೀಲಿ ಮಲಗಿದ್ದ! ಹೋಟ್ಲಿನವ್ರು ಇಡೀ ಗಂಟು ವಾಪಸ್ ಕಳ್ಸಿದಾರೆ."

"ನಾನೇನ್ ಮಾಡ್ಲಕ್ಕಾ? ಕತ್ತರಿಸೋದಷ್ಟೇ ನಾನು. ಹೊತ್ಕೊಂಡು ಹೋಗೋದು ಗಾಳಿ."

ಎರಡೂ ಅಂಗಡಿಗಳ ಮಾಲೀಕರು ಒಬ್ಬರೇ. ತಲೆಗೂದಲು ಕತ್ತರಿಸಿಕೊಳ್ಳಲು ಸರದಿ ಕಾಯುತ್ತಿದ್ದ ಅವರು ಕೂತಲ್ಲೇ ತೀರ್ಪು ಕೊಟ್ಟರು: "ಮಾಸ್ಟ್ರೇ, ಇನ್ನೊಂದು ಕೂದ್ಲು ಆ ಕಡೆ ಹಾರಿದ್ರೆ, ನೀವು ಅಂಗಡಿ ಖಾಲಿ ಮಾಡಿ."

ಮಾಸ್ಟರ ಕೈಯಲ್ಲಿದ್ದ ಕತ್ತರಿ ತಾನಾಗಿ ಬಾಯಿ ಮುಚ್ಚಿತು. ಬೆಂಚಿನ ಮೇಲೆ, ದಿನಾ ಪುಕ್ಕಟೆ ಪೇಪರ್ ಓದಲು ಬರುವ ನಿವೃತ್ತ ವಿಜ್ಞಾನ ಮೇಷ್ಟ್ರು ಇದ್ದರು.

"ಸಾರ್, ಗಾಳಿ ಯಾವ ಕಡೆ ಬೀಸ್ತಿದೆ, ಸ್ವಲ್ಪ ನೋಡಿ," ಎಂದರು ಮಾಸ್ಟರು.

ಮೇಷ್ಟ್ರು ಎದ್ದು ಹೊಸ್ತಿಲಲ್ಲಿ ಪೌಡರ್ ಡಬ್ಬಿ ಒತ್ತಿದರು. ಬಿಳಿ ಮೋಡವೊಂದು ಕರೆಯದ ನೆಂಟನಂತೆ ಓಣಿ ದಾಟಿ ನೇರ ಅಕ್ಕನ ಅಂಗಡಿ ಹೊಕ್ಕಿತು. "ಇಲ್ಲಿಂದ ಅಲ್ಲಿಗೆ," ಎಂದು ಮತ್ತೆ ಪೇಪರಿನ ಮರೆಗೆ ಹೋದರು.

"ಹಾಗಾದ್ರೆ ತಪ್ಪು ನಂದಲ್ಲ, ಜಾಗದ್ದು! ಅಕ್ಕಾ, ಅಂಗಡಿ ಅದಲುಬದಲು ಮಾಡ್ಕೊಳ್ಳೋಣ. ಗಾಳಿಗೆ ಎದುರಾಗಿ ಯಾವ ಕೂದ್ಲು ಹಾರುತ್ತೆ?"

ಅಕ್ಕನಿಗೂ ಸರಿಯೆನಿಸಿತು. ಇಸ್ತ್ರಿಪೆಟ್ಟಿಗೆಗೆಂದು ದಿನವಿಡೀ ಉರಿಯುವ ಒಲೆಯ ಕೆಂಡಕ್ಕೆ ನೀರು ಹೊಯ್ದು ಆರಿಸಿದಳು. ಹಗಲಿಡೀ ಸಾಮಾನು ಓಣಿ ದಾಟಿತು. ಸಲಹೆ ಕೊಡಲು ಬೀದಿಯೇ ಬಂದಿತ್ತು, ಕೈ ಹಾಕಲು ಯಾರೂ ಇರಲಿಲ್ಲ. "ಎಡಕ್ಕೆ, ಎಡಕ್ಕೆ," ಎಂದ ದರ್ಜಿಯ ಮಾತು ಕೇಳಿ ತಿರುಗಿಸಿದ ದೊಡ್ಡ ಕನ್ನಡಿ ಕಂಬಕ್ಕೆ ತಾಗಿ ಬಿರುಕು ಬಿಟ್ಟಿತು. ಕುರ್ಚಿ ಹೊತ್ತ ಮಾಸ್ಟರ ಸೊಂಟವೂ ಹೆಚ್ಚುಕಡಿಮೆ ಹಾಗೇ ಆಯಿತು. ಆದರೂ ಓಣಿಯಲ್ಲಿ ಎಲೆ ಅಲುಗದಿರುವುದನ್ನು ಕಂಡು ಅವರಿಗೆ ಸಮಾಧಾನ.

ಸಂಜೆ ಅಕ್ಕ ಹೊಸ ಅಂಗಡಿಯಲ್ಲಿ ಒಲೆ ಹೊತ್ತಿಸಿದಳು. ಎದುರಿಗೆ ಮಾಲೀಕರು ಕ್ಷೌರದ ಕುರ್ಚಿ ಏರಿದರು. ಕೆಂಡ ನಿಗಿನಿಗಿ ಎನ್ನುವ ಹೊತ್ತಿಗೆ ಮಾಸ್ಟರು ಅರ್ಧ ತಲೆ ಮುಗಿಸಿದ್ದರು.

ಆಮೇಲೆ ಕತ್ತರಿಸಿದ ಕೂದಲು ನೆಲ ಮುಟ್ಟಲಿಲ್ಲ. ಮೆಲ್ಲನೆ ಹೊಸ್ತಿಲು ದಾಟಿ, ಓಣಿ ದಾಟಿ, ಅಕ್ಕನ ಬಿಳಿ ಹೊದಿಕೆಯ ಮೇಲೆ ಕಾಲು ಚಾಚಿ ಮಲಗಿತು.

"ಮಾಸ್ಟ್ರೇ!" ಅಕ್ಕನ ಕೂಗು ಎದುರಿನಿಂದ ಬಂತು.

"ಸಾರ್, ಇದೇನಿದು? ಗಾಳಿ ತಿರುಗಿಬಿಡ್ತಾ?" ಬೆಂಚಿನ ಮೇಲಿದ್ದ ಮೇಷ್ಟ್ರನ್ನು ಮಾಸ್ಟರು ಬೆಪ್ಪಾಗಿ ಕೇಳಿದರು.

"ತಿರುಗದೆ ಏನು? ಕೆಂಡದ ಕಾವಿಗೆ ಒಳಗಿನ ಗಾಳಿ ಹಗುರಾಗಿ ಮಾಡಿನ ಕಿಂಡಿಯಿಂದ ಮೇಲೆ ಹೋಗುತ್ತೆ. ಆ ಜಾಗ ತುಂಬೋಕೆ ಎದುರಿನ ತಣ್ಣನೆ ಗಾಳಿ ನುಗ್ಗುತ್ತೆ. ಹಗಲು ಸಮುದ್ರದಿಂದ ದಡಕ್ಕೆ ಬೀಸೋದೂ ಹೀಗೇ. ಒಲೆ ಹೋದಲ್ಲಿಗೆ ಗಾಳಿ."

"ಇದನ್ನ ಬೆಳಗ್ಗೆ ಹೇಳ್ಬಾರದಿತ್ತಾ!"

ಮೇಷ್ಟ್ರು ಪೇಪರ್ ಮಗುಚಿದರು. "ಬೆಳಗ್ಗೆ ನೀನು ಕೇಳಿದ್ದು ಯಾವ ಕಡೆ ಅಂತ. ಯಾಕೆ ಅಂತ ಕೇಳ್ಲಿಲ್ವಲ್ಲಪ್ಪ."

ಮಾಸ್ಟರು ಕತ್ತರಿ ಜೇಬಿಗಿಟ್ಟು, ಸೊಂಟಕ್ಕೆ ಟವೆಲ್ ಬಿಗಿದು, ಮಾಲೀಕರು ಕೂತಿದ್ದ ಕುರ್ಚಿಯ ಕಾಲಿಗೆ ಕೈ ಹಾಕಿದರು.

"ಏಯ್, ಏನ್ರೀ ಇದು?"

"ನೀವೇ ಹೇಳಿದ್ರಲ್ಲ ಸಾರ್, ಖಾಲಿ ಮಾಡಿ ಅಂತ."

"ಆಮೇಲೆ ಮಾಡುವಿರಂತೆ! ಮೊದ್ಲು ಉಳಿದರ್ಧ ತಲೆ ಮುಗಿಸ್ರೀ!"