ನಕ್ಷೆಯಲ್ಲಿಲ್ಲದ ಗುಂಡಿ

ಮನೆ ಕೊಳ್ಳುವ ವಿಷಯದಲ್ಲಿ ನನಗೆ ಟೋಪಿ ಹಾಕುವವರು ಇನ್ನೂ ಹುಟ್ಟಬೇಕು ಎಂದು ಗಂಡನ ಮುಂದೆ ಎದೆ ತಟ್ಟಿ ಹೇಳಿದ್ದೆ. ಅವರು ಆಗಲೇ ಹುಟ್ಟಿ, ದೊಡ್ಡವರಾಗಿ, ಊರಾಚೆಯ ಹೊಲದಂಚಿನಲ್ಲಿ ಒಂದು ಮನೆ ಮಾರಾಟಕ್ಕಿಟ್ಟುಕೊಂಡು ನನ್ನನ್ನೇ ಕಾಯುತ್ತಿದ್ದರು!

ಮನೆ ಬೇಕಾಗಿದ್ದುದು ಅಮ್ಮನಿಗೆ. ಅಪ್ಪ ತೀರಿಕೊಂಡ ಮೇಲೆ ಅವಳು ನಮ್ಮ ಬಾಡಿಗೆ ಮನೆಗೆ ಬಂದಳು. ಅಲ್ಲಿದ್ದ ಒಂದೇ ಒಂದು ಟಾಯ್ಲೆಟ್ಟಿನ ಬಾಗಿಲು ಹಾಲಿಗೆ ತೆರೆದುಕೊಳ್ಳುತ್ತಿತ್ತು. ಹಾಲಿನಲ್ಲಿ ಗಣಿತದ ಮೇಷ್ಟರಾದ ನನ್ನ ಗಂಡ ಬೆಳಿಗ್ಗೆ ಸಂಜೆ ಟ್ಯೂಷನ್ ನಡೆಸುತ್ತಿದ್ದರು. ಸಾಲಾಗಿ ಕೂತ ಮಕ್ಕಳನ್ನು ದಾಟಿ, ಅಳಿಯನ ಕರಿಹಲಗೆಯ ಪಕ್ಕದಲ್ಲೇ ಆ ಬಾಗಿಲು ತೆಗೆಯಲು ಅಮ್ಮನಿಗೆ ಪ್ರಾಣಸಂಕಟ. ಅವಳು ಒಳಗೆ ಹೋದರೆ, ಬಾಗಿಲ ಹೊರಗೆ ನಾನು ಚೀಲ ಹೆಗಲಿಗೇರಿಸಿ, ಬಸ್ಸಿನ ಹೊತ್ತು ನೋಡುತ್ತಾ ನಿಂತಿರುತ್ತಿದ್ದೆ. ಅಮ್ಮ ಸುಲಭದ ಉಪಾಯ ಕಂಡುಕೊಂಡಳು: ನೀರು ಕುಡಿಯುವುದನ್ನೇ ಬಿಟ್ಟಳು. ಡಾಕ್ಟರು ಗದರಿದರು.

"ಬಾಯಾರಿಕೆನೇ ಆಗಲ್ಲ ಕಣೇ," ಎಂದಳು ಅಮ್ಮ, ಒಣಗಿದ ತುಟಿ ಸವರಿಕೊಳ್ಳುತ್ತಾ.

ಅವತ್ತೇ ಭೀಷಣ ಪ್ರತಿಜ್ಞೆ ಮಾಡಿದೆ. ಅಮ್ಮನ ಕೋಣೆಗೆ ಅಂಟಿಕೊಂಡೇ ಟಾಯ್ಲೆಟ್ ಇರುವ ಮನೆ ಕೊಂಡೇ ತೀರುತ್ತೇನೆ!

ಮನೆ ನೋಡಲು ಹೋದಾಗ ಗಂಡ ಟೇಪು ಹಿಡಿದು ಕೋಣೆ ಕೋಣೆಯನ್ನೂ ಅಳೆದರು. ನಾನು ಕಿಟಕಿಯಲ್ಲಿ ಬಿಸಿಲು ಹೇಗೆ ಬೀಳುತ್ತದೆಂದು ನೋಡಿದೆ. ಅಮ್ಮನಿಗೊಂದು ಕೋಣೆ, ಅದರೊಳಗೇ ಟಾಯ್ಲೆಟ್, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ. ಇನ್ನೇನು ಬೇಕು? ಆದರೂ ವ್ಯವಹಾರ ಬಲ್ಲವಳು ಅನ್ನಿಸಿಕೊಳ್ಳಬೇಕಲ್ಲ, ಗಂಟಲು ಸರಿಮಾಡಿಕೊಂಡು ಕೇಳಿದೆ:

"ಟಾಯ್ಲೆಟ್ಟಿಂದು ಎಲ್ಲಾ ಎಲ್ಲಿಗೆ ಹೋಗುತ್ತೆ?"

ಮನೆ ಮಾರುವವರು ಆಕಾಶ ನೋಡಿ ನಿಟ್ಟುಸಿರುಬಿಟ್ಟರು. "ಎಲ್ಲಿಗೆ ಹೋಗುತ್ತಮ್ಮಾ? ಕೊನೆಗೆ ಎಲ್ಲಾ ಮಣ್ಣಿಗೇ ಅಲ್ವಾ?"

ಅಪ್ಪ ಹೋಗಿ ವರ್ಷವೂ ತುಂಬಿರಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ಎಂಥ ಮಾತು! ಇಂಥ ಜ್ಞಾನಿಯ ಹತ್ತಿರ ಮನೆ ಕಟ್ಟಿದ ಪರವಾನಗಿ ಎಲ್ಲಿ ಎಂದು ಕೇಳುವುದುಂಟೇ? ಕೇಳಲಿಲ್ಲ.

ಅವರು ವೇದಾಂತ ಹೇಳಿರಲಿಲ್ಲ, ಬರೀ ನಿಜ ಹೇಳಿದ್ದರು ಎಂಬುದು ಸಾಮಾನು ಇಳಿಸಿದ ವಾರದಲ್ಲೇ ಗೊತ್ತಾಯಿತು. ಪಕ್ಕದ ಮನೆಯ ಟೈಲರಮ್ಮ ಒಂದು ಚೊಂಬು ನೀರು ಹಿಡಿದು ಬಾಗಿಲಿಗೆ ಬಂದರು. ಹೆಚ್ಚುಕಡಿಮೆ ಅಮ್ಮನದೇ ವಯಸ್ಸು, ಕೊರಳಲ್ಲಿ ಅಳತೆಪಟ್ಟಿ.

"ಕುಡೀರಿ."

ಚೊಂಬನ್ನು ಮೂಗಿನ ಹತ್ತಿರ ತಂದವಳು ಹಾಗೇ ದೂರ ಹಿಡಿದೆ.

"ನೀರು ನಮ್ಮ ಬಾವೀದು," ಎಂದರು ಟೈಲರಮ್ಮ. "ವಾಸನೆ ನಿಮ್ಮ ಮನೇದು."

ಅವರ ಬೆನ್ನಿಗೇ, ಅವರ ಹಳೆಯ ದೂರನ್ನು ಹಿಡಿದುಕೊಂಡು ಪಂಚಾಯಿತಿ ಕಚೇರಿಯ ಅಧಿಕಾರಿಯೂ ಬಂದರು. ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್ ಎಂಬುದೇ ಇರಲಿಲ್ಲ. ಚಪ್ಪಡಿ ಮುಚ್ಚಿದ ಬರೀ ಗುಂಡಿ, ಅದೂ ಬಾವಿಯ ಮಗ್ಗುಲಿಗೆ! ಮನೆಯ ನಕ್ಷೆಯಲ್ಲಿ ಅದರ ಸುಳಿವೇ ಇಲ್ಲ.

"ಹೊಸ ಟ್ಯಾಂಕ್ ಕಟ್ಟಿ, ನಕ್ಷೆ ಪಾಸಾಗೋವರೆಗೂ ಟಾಯ್ಲೆಟ್ ಮುಟ್ಟೋ ಹಾಗಿಲ್ಲ," ಎಂದು ಬೀಗ ಹಾಕಿಸಿಯೇ ಬಿಟ್ಟರು.

ನಾನು ಗಂಡನ ಮೇಲೆ ಹರಿಹಾಯ್ದೆ. "ಮನೆಯೆಲ್ಲ ಅಳೆದ್ರಲ್ಲ, ಗುಂಡಿಗೂ ಬಾವಿಗೂ ಎಷ್ಟು ದೂರ ಅಂತ ಅಳೀಬಾರದಿತ್ತಾ?"

"ನೀನು ಅವರ ಮಾತು ಕೇಳಿ ಕಣ್ಣೊರೆಸಿಕೊಳ್ತಾ ಇದ್ದೆ. ಆ ಹೊತ್ತಲ್ಲಿ 'ಗುಂಡಿ ಎಲ್ಲಿ ಸ್ವಾಮಿ' ಅಂತ ಹೇಗೆ ಕೇಳಲಿ?"

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು. ನಮ್ಮ ಜಗಳಕ್ಕೆ ಬೇಜಾರಾಗಿದೆ ಎಂದುಕೊಂಡೆ ನಾನು. ಟೈಲರಮ್ಮ ಒಮ್ಮೆ ನೋಡಿದ್ದೇ ಹತ್ತಿರ ಹೋಗಿ ಅವಳ ಕೈ ಹಿಡಿದರು.

"ಬನ್ನಿ ಅಕ್ಕ, ನಮ್ಮನೇಲಿ ಇದೆ." ಮೆಟ್ಟಿಲಿಳಿದು ತಿರುಗಿ ನೋಡಿದರು. "ನಿಮ್ಮಿಬ್ಬರಿಗಲ್ಲ!"

ಅಲ್ಲಿಂದ ನಮ್ಮ ವನವಾಸ ಶುರು. ಬೆಳಕು ಹರಿಯುವ ಮೊದಲೇ ಗಂಡ ಶಾಲೆಗೆ, ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯಕ್ಕೆ ದೌಡು. "ಕರ್ತವ್ಯನಿಷ್ಠೆ ಅಂದರೆ ಇದು!" ಎಂದು ಹೆಡ್‌ಮಾಸ್ಟರು ಗೇಟಿನಲ್ಲೇ ನಿಲ್ಲಿಸಿಕೊಂಡು ಹೊಗಳಿದರಂತೆ. ಹೊಗಳಿಕೆ ಮುಗಿಯುವವರೆಗೂ ಪಾಪ ಇವರು ಒಂಟಿಕಾಲಲ್ಲಿ ನಿಂತಿದ್ದರಂತೆ.

ಕಚೇರಿಯದು ಇನ್ನೊಂದು ಪುರಾಣ.

"ಟ್ಯಾಂಕಿನ ನಕ್ಷೆ ಪಾಸಾಗ್ಬೇಕಾದ್ರೆ ಮೊದಲು ಮನೆ ನಕ್ಷೆ ಪಾಸಾಗಿರ್ಬೇಕು."

"ಮನೆ ನಕ್ಷೆ ಪಾಸಾಗೋಕೆ?"

"ಅದರಲ್ಲಿ ಪಾಸಾದ ಟ್ಯಾಂಕ್ ಇರ್ಬೇಕು."

ಮೇಷ್ಟರು ವೃತ್ತದ ಪಾಠವನ್ನು ಎಷ್ಟೋ ಸಲ ಮಾಡಿದ್ದರು. ಅದರೊಳಗೆ ಸುತ್ತಿದ್ದು ಮಾತ್ರ ಇದೇ ಮೊದಲು! ಕೊನೆಗೆ ಇವರ ಮುಖ ನೋಡಿ ನೋಡಿ ಬೇಸತ್ತ ಅಧಿಕಾರಿಯೇ, "ಎರಡನ್ನೂ ಒಂದೇ ಹಾಳೇಲಿ ಬರೆದುಕೊಡಿ, ಮಾರಾಯರೇ," ಎಂದು ಕೈಮುಗಿದರು.

ಇಷ್ಟು ತಿಂಗಳೂ ಅಮ್ಮ ಪಕ್ಕದ ಮನೆಗೆ ಹೋಗಿಬರುತ್ತಿದ್ದಳು. ಹೋದವಳು ಬೇಗ ಬರುತ್ತಿರಲಿಲ್ಲ. ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು, ಮಾತು ಶುರುವಾಗುತ್ತಿತ್ತು. ಒಂದು ಮಧ್ಯಾಹ್ನ ಅಮ್ಮನ ನಗು ಕೇಳಿಸಿತು. ಅಪ್ಪ ಹೋದ ಮೇಲೆ ಆ ನಗು ನಮ್ಮ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಈಗೀಗ ಹೇಳಿಸಿಕೊಳ್ಳದೆಯೇ ನೀರು ಕುಡಿಯುತ್ತಿದ್ದಳು. ನಾನು ಸಂತೋಷಪಡಬೇಕಾಗಿತ್ತು. ಆದರೆ ಆ ಬೀಗ ನೋಡಿ ಹಲ್ಲು ಕಡಿಯುತ್ತಿದ್ದೆ. ಇದೊಂದು ತೆರೆಯಲಿ, ಆಮೇಲೆ ನಾವು ಯಾರ ಹಂಗಿನಲ್ಲೂ ಇಲ್ಲ!

ತೆರೆಯಿತು. ಹಳೆಯ ಗುಂಡಿ ಮುಚ್ಚಿ, ಬಾವಿಯಿಂದ ದೂರಕ್ಕೆ ಹೊಸ ಟ್ಯಾಂಕ್ ಕಟ್ಟಿಸಿ, ಸಹಿ ಸೀಲು ಎಲ್ಲ ಬಿದ್ದ ದಿನ ಅಮ್ಮನನ್ನು ಕೈಹಿಡಿದು ಕರೆತಂದೆ.

"ಉದ್ಘಾಟನೆ ತಮ್ಮ ಅಮೃತಹಸ್ತದಿಂದ!"

ಅಮ್ಮ ಒಳಗೆ ಇಣುಕಿದಳು. ಕಂಬಿಯನ್ನು ಮುಟ್ಟಿ ನೋಡಿದಳು. "ಚೆನ್ನಾಗಿದೆ ಕಣೇ," ಎಂದಳು. ಆಮೇಲೆ ಹೊರಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?"

"ಪಕ್ಕದ ಮನೆಗೆ."

"ಅಮ್ಮಾ! ಇಷ್ಟೆಲ್ಲ ಮಾಡಿದ್ದು ಯಾರಿಗೋಸ್ಕರ? ಇಲ್ಲಿಲ್ಲದ್ದು ಅಲ್ಲೇನಿದೆ?"

ಅಮ್ಮ ಹೊಸ್ತಿಲಲ್ಲೇ ನಿಂತಳು. ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲದವಳು ತಿರುಗಿ ನನ್ನ ಹತ್ತಿರ ಬಂದಳು.

"ಬೇಜಾರು ಮಾಡ್ಕೋಬೇಡ. ನಾನು ಒಳಗೆ ಹೋದ್ರೆ ಅವಳು ಹೊರಗೆ ನಿಂತ್ಕೊಂಡು 'ಅಕ್ಕಾ, ಇದ್ದೀರಾ?' ಅಂತ ಕೇಳ್ತಾಳೆ." ಅಮ್ಮ ನನ್ನ ಕೆನ್ನೆ ಸವರಿದಳು. "ನೀನು 'ಅಮ್ಮಾ, ಆಯ್ತಾ?' ಅಂತ ಕೇಳ್ತೀಯ."