ಆಕಾಶದ ಗುಂಡಿಗಳಿಗೆ ಒಂದು ಸ್ಟ್ಯಾಂಡು

ನನ್ನ ಸೋದರತ್ತೆಗಿಂತ ಹಟಮಾರಿಯಾದ ಮನುಷ್ಯರು ಮೂಡಿಗೆರೆ ತಾಲ್ಲೂಕಿನಲ್ಲಿ ಇದ್ದಾರೆಂದು ಯಾರಾದರೂ ಸಾಧಿಸಿ ತೋರಿಸಿದರೆ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಬಹುಮಾನಗಳನ್ನೆಲ್ಲ ಅವರ ಮನೆಗೆ ತಲುಪಿಸುತ್ತೇನೆ. ಇದನ್ನು ದೂರೆಂದು ಬರೆಯುತ್ತಿಲ್ಲ, ಪ್ರತಿವಾದವೆಂದು ಬರೆಯುತ್ತಿದ್ದೇನೆ. ಮೊಬೈಲಿನ ಒಂದು ಸ್ಟ್ಯಾಂಡು ಕೊಳ್ಳಲು ಮೂರು ವಾರ ತೆಗೆದುಕೊಂಡ ಹೆಂಗಸೆಂದು ಅವರನ್ನು ಕಂಡು ನಗುವವರು ಪೇಟೆಯಲ್ಲಿದ್ದಾರೆ. ನಗಲಿ. ಮೊದಲು ನಕ್ಕವನು ನಾನೇ.

ಅತ್ತೆ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಾಫಿ ಹಣ್ಣು ಕೊಯ್ದವರು. ತೋಟದಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯ ಕಟ್ಟಿಸಬೇಕೆಂದು ನಾವಿಬ್ಬರೂ ಅರ್ಜಿ ಹಿಡಿದು ಅಲೆಯತೊಡಗಿ ಬಹಳ ಕಾಲವಾಯಿತು. ಕೊನೆಗೆ, ಕಾರ್ಮಿಕರ ಅಹವಾಲು ಕೇಳುವ ಸಭೆಯೊಂದಕ್ಕೆ ದೆಹಲಿಯಿಂದ ಕರೆ ಬಂತು. ಮಾತಾಡಬೇಕಾದವರು ಅತ್ತೆ, ಅವರ ಕನ್ನಡವನ್ನು ಹಿಂದಿಯಲ್ಲಿ ಹೇಳಬೇಕಾದವನು ನಾನು. ಹಿಂದಿನ ವರ್ಷವೂ ಹೀಗೆಯೇ ಕರೆ ಬಂದಿತ್ತು. ರೈಲು ಜನಸಾಮಾನ್ಯರ ವಾಹನ, ಜನಸಾಮಾನ್ಯರ ಪರವಾಗಿ ಹೋಗುವವರು ವಿಮಾನ ಏರುವುದು ತತ್ವಕ್ಕೆ ವಿರುದ್ಧ ಎಂದು ನಾನು ಮುಕ್ಕಾಲು ಗಂಟೆ ವಾದಿಸಿ ಗೆದ್ದಿದ್ದೆ. ರೈಲು ತಡವಾಯಿತು. ನಾವು ತಲುಪಿದಾಗ ಸಭಾಂಗಣದಲ್ಲಿ ಕುರ್ಚಿಗಳನ್ನು ಮಡಚುತ್ತಿದ್ದರು.

"ಈ ಸಲ ವಿಮಾನ," ಎಂದರು ಅತ್ತೆ. "ನಿನ್ನ ತತ್ವ ಎಲ್ಲ ಬ್ಯಾಗಲ್ಲಿ ಹಾಕ್ಕೊಂಡು ಬಾ. ಏಳು ಕೆ.ಜಿ. ಒಳಗಿರ್ಲಿ."

ಟಿಕೆಟ್ಟು ಬಂದ ಮರುದಿನವೇ ಅವರು ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿ ಹೊಕ್ಕರು. ವಿಮಾನದಲ್ಲಿ ವಿಡಿಯೊ ನೋಡಲು ಸ್ಟ್ಯಾಂಡು ಬೇಕು. ಅದಕ್ಕೆ ಮೂರು ಷರತ್ತು: ತಮ್ಮ ಎರಡೂ ಕೈ ಖಾಲಿ ಇರಬೇಕು, ಮೊಬೈಲು ಪಕ್ಕದ ಸೀಟಿನ ಕಡೆಗೂ ತಿರುಗಬೇಕು, ಎಷ್ಟು ಅಲ್ಲಾಡಿದರೂ ಬೀಳಬಾರದು.

"ಎರಡೂ ಕೈ ಖಾಲಿ ಇಟ್ಕೊಂಡು ಎಂತ ಮಾಡ್ತೀರಿ ಅಕ್ಕಾ?" ಎಂದ ಅಂಗಡಿಯವನು.

"ಅದು ನನ್ನ ಕೈ ವಿಷಯ. ನೀನು ಸ್ಟ್ಯಾಂಡಿನ ವಿಷಯ ಹೇಳು."

ಕಾರಿನ ಗಾಜಿಗೆ ಅಂಟುವ ರಬ್ಬರಿನ ಸ್ಟ್ಯಾಂಡನ್ನು ಅವನು ಶೋಕೇಸಿಗೆ ಅಂಟಿಸಿ ತೋರಿಸಿದ. ಅತ್ತೆ ಕಿತ್ತು ಅವನ ಕೈಗಿತ್ತರು. ಉದ್ದ ಕತ್ತಿನ, ಬೇಕಾದಂತೆ ಬಾಗುವ ಇನ್ನೊಂದನ್ನು ತೆಗೆದ. "ಇದು ಹಾವು ಮಾರಾಯ. ದೆಹಲಿ ತನಕ ಇದ್ರ ಹೆಡೆ ಹಿಡ್ಕೊಂಡು ಕೂರ್ಬೇಕು." ಕೊನೆಗೆ, ಎದುರಿನ ಸೀಟಿನ ಹಲಗೆಯನ್ನು ಕಚ್ಚಿ ಹಿಡಿಯುವ ಕ್ಲಿಪ್ಪಿನ ಸ್ಟ್ಯಾಂಡು ಬಂತು. ಅದನ್ನೂ ಪರೀಕ್ಷಿಸದೆ ಕೊಳ್ಳುವುದಿಲ್ಲವೆಂದರು. ಅಂಗಡಿಯವನು ನನ್ನ ಕಡೆ ತಿರುಗಿ, "ಇವರಿಗೆ ಪೈಲಟ್ ಸೀಟೇ ಕೊಡ್ಸಿ ಸಾರ್, ಎಲ್ಲರಿಗೂ ಒಳ್ಳೇದು," ಎಂದ.

ಪರೀಕ್ಷೆ ನಡೆದದ್ದು ಎಸ್ಟೇಟಿಗೆ ಹೋಗುವ ಜೀಪಿನಲ್ಲಿ. ಅತ್ತೆ ಮುಂದಿನ ಸೀಟಿನ ಮೇಲಿನ ಕಂಬಿಗೆ ಸ್ಟ್ಯಾಂಡು ಕಚ್ಚಿಸಿ, ಮೊಬೈಲು ಸಿಕ್ಕಿಸಿ, ಕ್ಯಾಮೆರಾ ಚಾಲೂ ಮಾಡಿ ಕೈಕಟ್ಟಿ ಕೂತರು.

"ಗುಂಡಿ ತಪ್ಪಿಸ್ಬೇಡ. ಎಲ್ಲದ್ರಲ್ಲೂ ಇಳಿಸು," ಎಂದು ಡ್ರೈವರನಿಗೆ ಅಪ್ಪಣೆಯಾಯಿತು.

"ತಪ್ಪಿಸ್ಲಿಕ್ಕೆ ಮಧ್ಯೆ ರಸ್ತೆ ಎಲ್ಲಿದೆ ಅಕ್ಕಾ?"

ಮೊದಲ ಕ್ಲಿಪ್ಪು ಎರಡನೆಯ ಗುಂಡಿಯಲ್ಲಿ ಉದುರಿತು. ಮುಂದಿನ ವಾರ ತಂದದ್ದು ಮೋರಿಯವರೆಗೆ ಬಾಳಿತು. ಮೂರನೆಯ ವಾರದ್ದು ಮಾತ್ರ ಎಸ್ಟೇಟಿನ ಗೇಟಿನವರೆಗೂ ಕಚ್ಚಿದ ಹಿಡಿತ ಬಿಡಲಿಲ್ಲ. ದಿನಾ ಕಂಡ ರಸ್ತೆಯನ್ನೇ ಮುಕ್ಕಾಲು ಗಂಟೆ ಚಿತ್ರೀಕರಿಸಿಕೊಂಡ ಅವರನ್ನು ನೋಡಿ ನನ್ನೊಳಗಿನ ವಾಗ್ಮಿ ಎದ್ದು ನಿಂತ.

"ಅತ್ತೆ, ಆಕಾಶದಲ್ಲಿ ಗುಂಡಿ ಇರೋದಿಲ್ಲ."

"ನೀನು ಹೋಗಿ ನೋಡಿದ್ದೀಯಾ?"

ಇಂಥ ಪ್ರಶ್ನೆಗೆ ಉತ್ತರ ಹೊಳೆಯದಿದ್ದಾಗ ವೇದಿಕೆಯ ಮೇಲೆ ನಾವು ಒಂದು ಗುಟುಕು ನೀರು ಕುಡಿಯುತ್ತಿದ್ದೆವು. ಜೀಪಿನಲ್ಲಿ ನೀರಿರಲಿಲ್ಲ.

ಹೊರಡುವ ದಿನ ಬಂತು. ಬೆಂಗಳೂರಿನಲ್ಲಿ ವಿಮಾನ ಹತ್ತುವ ಸಾಲಿನಲ್ಲಿ ನಿಂತಾಗ ನನ್ನ ಕಾಲುಗಳು ತಾವಾಗಿಯೇ ತತ್ವನಿಷ್ಠವಾದವು.

"ಅತ್ತೆ, ನೀವು ಹೋಗಿರಿ. ನಾನು ರೈಲಲ್ಲಿ..."

"ಅಲ್ಲಿ ಹಿಂದಿಯಲ್ಲಿ ಯಾರು ಹೇಳ್ತಾರೆ? ನೀನು ಗೆದ್ದ ಕಪ್ಪುಗಳಾ?" ಎಂದು ನನ್ನನ್ನು ಮುಂದೆ ಬಿಟ್ಟುಕೊಂಡು, ಹಿಂದೆ ತಿರುಗಲು ದಾರಿಯಿಲ್ಲದಂತೆ ಅಡ್ಡ ನಿಂತರು.

ಈಗ ಒಪ್ಪಿಕೊಳ್ಳುವುದೇ ಸರಿ. ರೈಲಿನ ಪರವಾಗಿ ನಾನು ಮಂಡಿಸಿದ ವಾದಕ್ಕೆ ಇದ್ದ ಆಧಾರ ಒಂದೇ: ವಿಮಾನವೆಂದರೆ ನನಗೆ ಜೀವ ಹೋಗುವಷ್ಟು ಭಯ. ಇದನ್ನು ಯಾರಿಗೂ ಹೇಳಿರಲಿಲ್ಲ. ಅತ್ತೆಗೂ ಹೇಳಿರಲಿಲ್ಲ.

ವಿಮಾನ ಮೆಲ್ಲಗೆ ಚಲಿಸತೊಡಗಿತು. ಗಗನಸಖಿ ಎದುರಿನ ಸೀಟಿಗೆ ಕಚ್ಚಿದ್ದ ಸ್ಟ್ಯಾಂಡನ್ನು ನೋಡಿ ಏನೋ ಹೇಳಲು ಬಾಗಿದಳು. ಅಷ್ಟರಲ್ಲಿ ಸೀಟಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ ನನ್ನ ಬೆರಳುಗಳು ಅವಳಿಗೆ ಕಂಡವು. ಸ್ಟ್ಯಾಂಡು ತೆಗೆಸದೆ ಮುಂದೆ ಹೋದಳು. ವಿಮಾನ ನೆಲ ಬಿಟ್ಟು ಮೇಲೇಳುತ್ತಿದ್ದಂತೆ ಅತ್ತೆ ಮೊಬೈಲನ್ನು ನನ್ನ ಕಡೆಗೆ ತಿರುಗಿಸಿದರು. ಪರದೆಯ ಮೇಲೆ ನಮ್ಮ ಎಸ್ಟೇಟಿನ ರಸ್ತೆ ಕುಲುಕುತ್ತ ಬರುತ್ತಿತ್ತು.

"ಇದ್ರಲ್ಲಿ ನೀನು ಹುಟ್ಟಿದಾಗಿಂದ ಹೋಗ್ತಿದ್ದೀಯ. ಅಲ್ಲಾಡಿದ್ರೆ ಜೀಪು ಅಂತ ತಿಳ್ಕೊ. ನೋಡು, ಈಗ ಮೋರಿ ಬರ್ತದೆ."

ಮೋರಿ ಬಂತು. ಪರದೆಯಲ್ಲಿ ಜೀಪು ಧಡಕ್ಕೆಂದಿತು. ಅದೇ ಹೊತ್ತಿಗೆ ಮೋಡದೊಳಗೆ ವಿಮಾನವೂ ಧಡಕ್ಕೆಂದಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ನನ್ನ ಮುಷ್ಟಿ ಕಾಣಲಿಲ್ಲ. ಕಾಫಿ ಹಣ್ಣಿನ ಕಲೆ ಉಗುರಿನ ಸಂದಿಯಲ್ಲಿ ಕಾಯಮ್ಮಾಗಿ ಉಳಿದ ಎರಡು ಕೈಗಳು ಅದನ್ನು ಪೂರ್ತಿ ಮುಚ್ಚಿದ್ದವು. ಮೂರು ವಾರ ಅಂಗಡಿಯವನ ಪ್ರಾಣ ತಿಂದು ಖಾಲಿ ಉಳಿಸಿಕೊಂಡ ಕೈಗಳು.

ಮರುದಿನ ಸಭೆಯಲ್ಲಿ ಅತ್ತೆ ಕಾಗದವಿಲ್ಲದೆ ಮಾತಾಡಿದರು. ನಾನು ಒಂದು ಪದವನ್ನೂ ಬಿಡದೆ ಹಿಂದಿಯಲ್ಲಿ ಹೇಳಿದೆ. ಕುರ್ಚಿಗಳನ್ನು ಯಾರೂ ಮಡಚಲಿಲ್ಲ.

ವಿಮಾನದಲ್ಲಿ ವಾಪಸು ಬರುವಾಗ ಸ್ಟ್ಯಾಂಡು ಚೀಲದಲ್ಲೇ ಉಳಿಯಿತು. ಕೈ ಕೊಡಿ ಅತ್ತೆ ಎಂದು ನಾನೇ ಕೇಳಿದೆ.