ಇಸ್ತ್ರಿ ಮಾಡಿದ ಕಸ

ಗುಡಿಸುವ ಕೆಲಸಕ್ಕೆ ಕಸ ಅತ್ಯಗತ್ಯ ಎಂಬುದನ್ನು ನಗರಸಭೆ ಬಹಳ ಹಿಂದೆಯೇ ಮನಗಂಡಿತ್ತು. ಆದ್ದರಿಂದ, ಕಸವಿಲ್ಲದ ಬೀದಿಗೆ ಗುಡಿಸುವವರ ಹುದ್ದೆ ಇರತಕ್ಕದ್ದಲ್ಲ ಎಂಬ ನಿಯಮವನ್ನು ಸಭೆಯ ಮುಂದಿಟ್ಟಾಗ ಯಾರೂ ವಿರೋಧಿಸಲಿಲ್ಲ. ತಲೆನೋವಿಲ್ಲದವನ ಹಣೆಗೆ ಯಾರಾದರೂ ಮುಲಾಮು ಹಚ್ಚುತ್ತಾರೆಯೇ?

ಈ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವಳು ಚುರುಕಕ್ಕ. ಅದು ತಂದೆತಾಯಿ ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಹಳೇ ಅಂಚೆಕಚೇರಿಯ ಹಿಂದಿನ ಬೀದಿಯನ್ನು ಅವಳು ಕೋಳಿ ಕೂಗುವ ಮುಂಚೆಯೇ ಗುಡಿಸಿ, ಕಸವನ್ನು ಲಾರಿಗೆ ಹತ್ತಿಸಿ, ಮೋರಿಯ ಅಂಚಿಗೆ ನೀರು ಹೊಡೆದು, ಊರು ಏಳುವ ಹೊತ್ತಿಗೆ ಕೈಕಾಲು ತೊಳೆದು ಕೂತಿರುತ್ತಿದ್ದಳು. ಬಾಗಿಲು ತೆಗೆದವರಿಗೆ ಕಾಣುತ್ತಿದ್ದುದು ಬಾಚಿ ಜಡೆ ಹೆಣೆದ ತಲೆಯಂಥ ಬೀದಿ. ಸೂಜಿ ಬಿದ್ದರೂ ಹೆಕ್ಕಿಕೊಳ್ಳಬಹುದು ಅಂತ ಮೂಲೆ ಅಂಗಡಿಯ ದರ್ಜಿ ಹೇಳುತ್ತಿದ್ದ. ಅವನ ಸೂಜಿ ಬೀದಿಗೆ ಬೀಳುವುದು ಮಾಮೂಲಾದ್ದರಿಂದ ಅದನ್ನು ಅನುಭವದ ಮಾತೆಂದೇ ತಿಳಿಯಬೇಕು.

ಚುರುಕಕ್ಕ ದಿನಗೂಲಿಯವಳು. ಖಾಯಂ ಆಗುವವರ ಸಾಲಿನಲ್ಲಿ ಆ ವರ್ಷ ಅವಳ ಸರದಿ ಬಂದಿತ್ತು. ಅವಳಿಗಿಂತ ಮುಂಚೆ ಅದೇ ಬೀದಿ ಗುಡಿಸುತ್ತಿದ್ದ ಅತ್ತೆ ನಿವೃತ್ತಿಯಾಗಿದ್ದಳು. ಅತ್ತೆಯ ಹೆಸರಿನಲ್ಲಿದ್ದ ಎರಡು ಕೋಣೆಯ ಸರ್ಕಾರಿ ಮನೆ ಸೊಸೆಯ ಹೆಸರಿಗೆ ಬರಬೇಕಾದರೆ ಸೊಸೆ ಖಾಯಂ ಆಗಬೇಕು. ಆಗದಿದ್ದರೆ ಮನೆ ಬಿಡಬೇಕು, ಪಾತ್ರೆಪಗಡ ಬೀದಿಗೆ. ಹಾಗಾಗಿ ಅವಳು ಎಂದಿಗಿಂತ ಚೆನ್ನಾಗಿ ಗುಡಿಸತೊಡಗಿದಳು. ಎಡವಟ್ಟಾದದ್ದು ಅಲ್ಲೇ.

ಸ್ವಚ್ಛತಾ ಪರಿವೀಕ್ಷಕರು ತಿಂಡಿ ಮುಗಿಸಿ, ಹಲ್ಲಿನ ಸಂದಿಗಳನ್ನು ಕಡ್ಡಿಯಿಂದ ಪರಿಶೀಲಿಸುತ್ತಾ ಬಂದರು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರು. ಕಡ್ಡಿ ಬಿಸಾಡಲು ಜಾಗ ಹುಡುಕಿದರು. ನೆಲ ಅಷ್ಟು ಚೊಕ್ಕಟವಾಗಿದ್ದದ್ದು ನೋಡಿ ಸಂಕೋಚವಾಗಿ ಜೇಬಿಗೇ ಹಾಕಿಕೊಂಡರು. ಅದರಿಂದ ಅವರಿಗೆ ಸ್ವಲ್ಪ ಸಿಟ್ಟೂ ಬಂತು.

“ಏನಮ್ಮ, ಈ ಬೀದೀಲಿ ಕಸಾನೇ ಇಲ್ಲ?”

“ಗುಡಿಸಿದೀನಿ ಸಾರ್.”

“ಏನನ್ನ ಗುಡಿಸ್ದೆ?”

“ಕಸಾನ.”

“ಎಲ್ಲಿದೆ?”

“ಲಾರೀಲಿ ಹೋಯ್ತು ಸಾರ್.”

“ಅಂದ್ರೆ ಇಲ್ಲ.”

“ಬೆಳಗ್ಗೆ ಇತ್ತು ಸಾರ್, ನಿಮ್ಮಾಣೆ.”

“ನೋಡಮ್ಮ, ಇತ್ತು ಅನ್ನೋದನ್ನ ನಾನು ಪರಿವೀಕ್ಷಣೆ ಮಾಡೋಕಾಗಲ್ಲ. ಇರೋದನ್ನ ಮಾತ್ರ ಮಾಡಬಹುದು. ಇರೋದೇನು? ಏನೂ ಇಲ್ಲ.”

ಅಂದೇ ಅವರು ಮೇಲಕ್ಕೆ ವರದಿ ಕಳಿಸಿದರು: ‘ಸದರಿ ಬೀದಿಯು ಸ್ವಭಾವತಃ ಕಸ ಉತ್ಪಾದಿಸದ ಬೀದಿಯಾಗಿ ಕಂಡುಬಂದಿದ್ದು, ಇಲ್ಲಿ ಗುಡಿಸುವವರನ್ನು ಇಟ್ಟುಕೊಂಡಿರುವುದು ಸಾರ್ವಜನಿಕರ ಹಣದ ಪೋಲಾಗಿರುತ್ತದೆ. ಮುಂದಿನ ವಾರ ಮರುಪರಿವೀಕ್ಷಣೆ ನಡೆಸಿ ಹುದ್ದೆಯನ್ನು ರದ್ದುಪಡಿಸಬಹುದು.’

ಮನೆಗೆ ಬಂದು ಹೇಳಿದರೆ ಅತ್ತೆ ಹಣೆ ಚಚ್ಚಿಕೊಂಡಳು.

“ಅಯ್ಯೋ ಪೆದ್ದೀ! ನಾನೂ ಜೀವಮಾನವೆಲ್ಲಾ ಗುಡಿಸ್ದೆ. ಒಂದಿನಾನಾದ್ರೂ ಪೂರ್ತಿ ಗುಡಿಸಿದ್ನಾ? ಮೂಲೇಲಿ ಒಂದು ಗುಡ್ಡೆ ಸಾಕ್ಕೊಂಡಿದ್ದೆ, ಮೇಕೆಮರಿ ಸಾಕಿದ ಹಾಗೆ. ಸಾಹೇಬ್ರು ಬಂದ್ರೆ ಅದರ ಪಕ್ಕ ನಿಂತು ಬೆವರು ಒರೆಸ್ಕೊಳ್ಳೋದು. ನೌಕರಿ ಅಂದ್ರೆ ಅದು. ನೀನು ಹೋಗಿ ಹೋಗಿ ಕೆಲಸ ಮಾಡಿದೀಯಲ್ಲೇ!”

“ಮೊದ್ಲೇ ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರೆ ‘ನಿಮ್ಮ ಕಾಲ ಬೇರೆ ಅತ್ತೆ’ ಅಂತಿದ್ದೆ. ನೋಡೀಗ, ಕಾಲ ಅಲ್ಲೇ ಇದೆ.”

ಆ ವಾರವಿಡೀ ಚುರುಕಕ್ಕ ಪೊರಕೆ ಮುಟ್ಟಲಿಲ್ಲ. ಕೈ ತುರಿಸುತ್ತಿತ್ತು, ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಮರುಪರಿವೀಕ್ಷಣೆಯ ದಿನ, ವಾರದ ಕಸವೆಲ್ಲ ಗಾಳಿಗೆ ಹರಡಿ, ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಹೊಸ ಸೊಸೆ ಅಡುಗೆ ಬಡಿಸಿ ನಿಂತಂತೆ ನಿಂತಿದ್ದಳು.

“ಇಷ್ಟೊಂದು ಕಸ ಇದೆಯಲ್ಲಮ್ಮ!” ಎಂದರು ಪರಿವೀಕ್ಷಕರು.

“ಇದೆ ಸಾರ್!”

“ಅಂದ್ರೆ ನೀನು ಗುಡಿಸ್ತಿಲ್ಲ.”

ಈಗ ಅವಳ ಮೇಲೆ ಕರ್ತವ್ಯಲೋಪದ ನೋಟಿಸೂ ಬಂತು. ಕಸ ಇಲ್ಲದಿದ್ದರೆ ಕೆಲಸವೇ ಇಲ್ಲ, ಇದ್ದರೆ ಕೆಲಸ ಮಾಡಿಲ್ಲ. ಅತ್ತ ದರಿ, ಇತ್ತ ಪುಲಿ, ನಡುವೆ ಪೊರಕೆ ಹಿಡಿದ ಚುರುಕಕ್ಕ. ಅವಳು ದರ್ಜಿಯನ್ನು ಜೊತೆಗೆ ಕರೆದುಕೊಂಡು ಮುಖ್ಯಾಧಿಕಾರಿಗಳ ಕೋಣೆಗೆ ಹೋದಳು. ದರ್ಜಿಗೆ ಅರ್ಜಿ ಬರೆಯಲು ಬರುತ್ತಿರಲಿಲ್ಲ. ಆದರೆ ಮುಖ್ಯಾಧಿಕಾರಿಗಳ ಪ್ಯಾಂಟಿನ ಸೊಂಟವನ್ನು ವರ್ಷಕ್ಕೊಮ್ಮೆ ಸಡಿಲಿಸಿ ಕೊಡುತ್ತಿದ್ದವನು ಅವನೇ.

ಮುಖ್ಯಾಧಿಕಾರಿಗಳು ನ್ಯಾಯವಂತರು. ಕಣ್ಣು ಮುಚ್ಚಿ ಎರಡೂ ಕಡೆಯ ಅಹವಾಲು ಕೇಳಿದರು. ಕಣ್ಣು ತೆರೆಯುವಷ್ಟರಲ್ಲಿ ಅವರಿಗೆ ಪರಿಹಾರ ಹೊಳೆದಿತ್ತು.

“ಕಸ ಇರಬೇಕು. ಪರಿವೀಕ್ಷಕರ ಕಣ್ಣೆದುರಿಗೇ ಹೋಗಬೇಕು. ಅಷ್ಟೇ ತಾನೇ?”

ಸುತ್ತೋಲೆ ಹೊರಟಿತು: ‘ಇನ್ನು ಮುಂದೆ ಗುಡಿಸುವ ಕಾರ್ಯವನ್ನು ಪರಿವೀಕ್ಷಕರು ತಿಂಡಿ ಮುಗಿಸಿ ಬಂದ ನಂತರವೇ ಆರಂಭಿಸತಕ್ಕದ್ದು. ಅಲ್ಲಿಯವರೆಗೆ ಕಸವು ಸ್ವಸ್ಥಾನದಲ್ಲಿ ಇರತಕ್ಕದ್ದು.’

ಆದರೆ ಆ ಬೀದಿಯ ಒಂದು ದಿನದ ಕಸ ಅರ್ಧ ಬುಟ್ಟಿಗೂ ಬರುತ್ತಿರಲಿಲ್ಲ. ಚೊಕ್ಕಟವಾದ ನೆಲ ಕಂಡು ಕಂಡು ಜನ ಎಸೆಯುವುದನ್ನೇ ಮರೆತಿದ್ದರು. “ಇಷ್ಟಕ್ಕೆ ಅರ್ಧ ಹುದ್ದೆ ಸಾಕು, ಖಾಯಂ ಯಾಕೆ?” ಎಂದರು ಪರಿವೀಕ್ಷಕರು.

ದರ್ಜಿ ಎದೆ ತಟ್ಟಿಕೊಂಡ. “ಅಕ್ಕಾ, ಹೆದರಬೇಡಿ. ನಿಮಗೋಸ್ಕರ ಹೊಸಾ ಬಟ್ಟೇನೇ ಕತ್ತರಿಸಿ ಬೀದಿಗೆ ಚೆಲ್ತೀನಿ.”

“ಗಿರಾಕಿದಲ್ವೇನೋ ಅದು?”

“ಮತ್ತೆ? ನಂದು ಕತ್ತರಿಸೋಕೆ ನಂಗೇನು ಹುಚ್ಚಾ?”

ಅಷ್ಟರಲ್ಲಿ ಊರಿನ ಕಸ ಸಾಗಿಸುವ ಗುತ್ತಿಗೆದಾರರಿಗೆ ಈ ಸಂಕಟದ ಸುದ್ದಿ ಮುಟ್ಟಿತು. ಪರರ ಕಷ್ಟ ಕಂಡರೆ ಕರಗುವ ಮನುಷ್ಯ. ಕರಗಿದ್ದೆಲ್ಲ ಅವರ ಜೇಬಿಗೇ ಇಳಿಯುತ್ತಿತ್ತು. ಮಾರುಕಟ್ಟೆಯ ಕಸವನ್ನು ಬೇಕಾದ ಬೀದಿಗೆ ಬಾಡಿಗೆಗೆ ಒದಗಿಸುವುದಾಗಿ ಅವರು ಸೇವಾ ಮನೋಭಾವದಿಂದ ಮುಂದೆ ಬಂದರು. ಮೊದಲ ಲೋಡು ಬಿತ್ತು. ಪರಿವೀಕ್ಷಕರು ಬಂದರು, ಮೂಗು ಹಿಡಿದರು, ತಿಂದ ತಿಂಡಿಯನ್ನು ಮೋರಿಗೆ ಒಪ್ಪಿಸಿದರು.

“ಇದೇನ್ರೀ ಇದು, ಇಷ್ಟು ಗಲೀಜು!” ಎಂದು ಗುತ್ತಿಗೆದಾರರ ಮೇಲೆ ರೇಗಿದರು.

“ಕಸ ಸಾರ್.”

“ಕಸ ಅಂದ್ರೆ ಹೀಗಾ? ಅಧಿಕಾರಿಗಳು ನೋಡೋ ವಸ್ತು. ಒಂದು ಗುಣಮಟ್ಟ ಬೇಡ್ವಾ?”

ಈ ಮಾತಿನಲ್ಲಿ ತಥ್ಯವಿತ್ತು. ತಜ್ಞರ ಸಮಿತಿ ಕೂತಿತು. ‘ವಾಸನೆ, ತೇವ, ನೊಣ ಮುಂತಾದ ಆಕ್ಷೇಪಾರ್ಹ ಗುಣಗಳಿಲ್ಲದ, ಆದರೆ ನೋಡಿದ ಕೂಡಲೇ ಕಸವೆಂದು ಗುರುತಿಸಬಹುದಾದ ವಸ್ತುವೇ ಪರಿವೀಕ್ಷಣಾ ಕಸ’ ಎಂದು ನಿರ್ಧಾರವಾಯಿತು. ಟೆಂಡರ್ ಕರೆದರು. ಗುತ್ತಿಗೆದಾರರೊಬ್ಬರೇ ಹಾಕಿದ್ದರಿಂದ ತೀವ್ರ ಪೈಪೋಟಿಯ ನಂತರ ಅವರಿಗೇ ಸಿಕ್ಕಿತು.

ಪರಿವೀಕ್ಷಣಾ ಕಸ ತಯಾರಿಸುವುದು ಹುಡುಗಾಟವಲ್ಲ. ಒಣ ಎಲೆಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಪ್ಲಾಸ್ಟಿಕ್ ಚೀಲಗಳನ್ನು ಸೋಪಿನ ನೀರಲ್ಲಿ ಜಾಲಿಸಿ ದಾರಕ್ಕೆ ನೇತುಹಾಕಬೇಕು. ಕಾಗದಕ್ಕೆ ಇಸ್ತ್ರಿ ಹಾಕಿ, ಅಧಿಕಾರಿಗಳಿಗೆ ತೋರಿಸಿ, ಒಪ್ಪಿಗೆಯಾದ ಮೇಲೆ ಮುದುಡಬೇಕು. ಇಸ್ತ್ರಿಯಿಲ್ಲದೆ ನೇರವಾಗಿ ಮುದುಡಿದ ಕಾಗದವನ್ನು ಕಚೇರಿ ಸ್ವೀಕರಿಸುತ್ತಿರಲಿಲ್ಲ.

ಬೆಳಗ್ಗೆ ಗುತ್ತಿಗೆದಾರರ ಆಳುಗಳು ಮೂಟೆ ಬಿಚ್ಚಿ ಕಸವನ್ನು ಅಲ್ಲಲ್ಲಿ ಇಡುವರು. ಗಾಳಿಗೆ ಬಿದ್ದಂತೆ ಕಾಣಲೆಂದು ಸ್ವಲ್ಪ ಸೊಟ್ಟಗೆ. ಪರಿವೀಕ್ಷಕರು ಬಂದು “ಹೂಂ” ಅನ್ನುವರು. ಚುರುಕಕ್ಕ ಗುಡಿಸುವಳು. ಅವರು “ಭೇಷ್” ಅನ್ನುವರು. ಕಸ ಮತ್ತೆ ಮೂಟೆ ಸೇರಿ ಮುಂದಿನ ಬೀದಿಗೆ ಹೊರಡುವುದು. ಸರ್ಕಾರಿ ಆಸ್ತಿಯಾದ್ದರಿಂದ ಒಂದು ಎಲೆ ಮುರಿದರೂ ಅವಳ ಕೂಲಿಯಲ್ಲಿ ಹಿಡಿಯುತ್ತಿದ್ದರು. ಚುರುಕಿಗೆ ಹೆಸರಾದ ಕೈ ಈಗ ಮಲಗಿದ ಕೂಸಿನ ಬೆನ್ನು ಸವರುವಂತೆ ಪೊರಕೆ ಆಡಿಸುವುದನ್ನು ಕಲಿಯಿತು.

ಕಸ ಹೊರುವ ಲಾರಿಯೂ ಈ ಮೂಟೆಗಳನ್ನು ಬೀದಿಯಿಂದ ಬೀದಿಗೆ ಸಾಗಿಸುವುದರಲ್ಲೇ ಮುಳುಗಿದ್ದರಿಂದ ಬೇರೇನನ್ನೂ ಹೊರಲು ಅದಕ್ಕೆ ಪುರುಸೊತ್ತಿರಲಿಲ್ಲ. ಅದುವರೆಗೆ ನೇರವಾಗಿ ಲಾರಿಗೇ ಸುರಿಯುತ್ತಿದ್ದ ಜನರ ಮನೆಯ ಕಸ, ಅಂದರೆ ಸಿಪ್ಪೆ, ಕೊಳೆತ ತರಕಾರಿ, ಮಕ್ಕಳ ಹೊಲಸು, ಬೀದಿಯಲ್ಲೇ ನಿಂತಿತು, ಆಮೇಲೆ ಬೆಳೆಯಿತು. ಅದಕ್ಕೂ ಒಂದು ಪ್ರಕಟಣೆ ಹೊರಬಿತ್ತು: ‘ಸರ್ಕಾರಿ ಕಸದೊಂದಿಗೆ ಖಾಸಗಿ ಕಸವನ್ನು ಬೆರೆಸುವುದು ಶಿಕ್ಷಾರ್ಹ ಅಪರಾಧ.’

ಒಂದು ದಿನ ಚುರುಕಕ್ಕ ತಡೆಯಲಾರದೆ ಕೇಳಿದಳು. “ಸಾರ್, ಹೇಗೂ ಪೊರಕೆ ಕೈಯಲ್ಲಿದೆ. ಈ ಗುಡ್ಡೇನೂ ಒಂದ್ಸಲ ಎಳೆದುಬಿಡ್ಲಾ?”

“ಯಾವ ಗುಡ್ಡೆ?” ಎಂದರು ಪರಿವೀಕ್ಷಕರು, ಪ್ಯಾಂಟು ಮೇಲೆತ್ತಿಕೊಂಡು ಅದನ್ನು ಹತ್ತಿ ಇಳಿಯುತ್ತಾ.

“ಇದೇ ಸಾರ್, ನೀವು ಹತ್ತಿದ್ದು.”

“ಅದು ನಮ್ಮ ಕಸ ಅಲ್ಲಮ್ಮ. ಕಚೇರಿ ಪ್ರಕಾರ ಅದು ಇಲ್ಲವೇ ಇಲ್ಲ. ಇಲ್ಲದ್ದನ್ನ ಗುಡಿಸಿದ್ರೆ ಸುಳ್ಳು ಕೆಲಸ ತೋರಿಸಿದ ಹಾಗಾಗುತ್ತೆ. ನಾಳೆ ನೀನೂ ಒಳಗೆ, ನಾನೂ ಒಳಗೆ.”

ಆದರೂ ಅವಳು ಒಂದು ಮುಂಜಾವ ಯಾರಿಗೂ ಕಾಣದಂತೆ ಹೋಗಿ ದರ್ಜಿಯ ಅಂಗಡಿಯಿಂದ ನಲ್ಲಿಕಟ್ಟೆಯವರೆಗೆ ಗುಡಿಸಿ, ತಳ್ಳುಗಾಡಿಯಲ್ಲಿ ತಾನೇ ಊರಾಚೆ ಸುರಿದು ಬಂದಳು. ಕದ್ದು ಮಾಡಿದ್ದು ಬೆಳಕಾದ ಮೇಲೆ ಎದ್ದು ಕಂಡಿತು: ಅಷ್ಟು ಉದ್ದಕ್ಕೂ ನೆಲ ತೋರುತ್ತಿತ್ತು. ವಿಚಾರಣೆಗೆ ಕರೆದರು.

ಮುಖ್ಯಾಧಿಕಾರಿಗಳು ಬೈಯಲಿಲ್ಲ. ಮಗಳಿಗೆ ಹೇಳಿದಂತೆ ಹೇಳಿದರು. “ನಿನ್ನ ಖಾಯಂ ಆದೇಶ ಸಹಿಗೆ ಬಂದು ನನ್ನ ಮೇಜಿನ ಮೇಲೆ ಕೂತಿದೆ. ಇಂಥಾ ಹೊತ್ತಲ್ಲಿ ಯಾರಾದ್ರೂ ಗುಡಿಸ್ತಾರೇನಮ್ಮಾ?”

“ತಪ್ಪಾಯ್ತು ಸಾರ್.”

“ಮನೆ, ಮಠ, ವಯಸ್ಸಾದ ಅತ್ತೆ ಇದಾರೆ. ಯೋಚನೆ ಮಾಡು.”

ಅವಳು ಯೋಚನೆ ಮಾಡಿದಳು. ಆಮೇಲೆ ಮಾಡಲಿಲ್ಲ. ಜನರೂ ಹೊಂದಿಕೊಂಡರು. ಗುಡ್ಡೆಗಳ ನಡುವೆ ಕಾಲುದಾರಿ ಬಿತ್ತು, ಕಾಲುದಾರಿಗೆ ತಿರುವುಗಳಾದವು, ತಿರುವುಗಳಲ್ಲಿ ನಿಂತು ಹರಟುವವರೂ ಆದರು. ದರ್ಜಿ ಕರವಸ್ತ್ರ ಹೊಲಿಯುವುದಕ್ಕೆ ತೊಡಗಿ, ಮೂಗಿನ ಅಳತೆ ತೆಗೆದುಕೊಂಡು ಒಳ್ಳೆಯ ವ್ಯಾಪಾರ ಮಾಡಿದ.

ವರ್ಷದ ಕೊನೆಗೆ ಅತ್ಯಂತ ಸ್ವಚ್ಛ ಬೀದಿಯೆಂಬ ಪ್ರಶಸ್ತಿ ಆ ಬೀದಿಗೇ ಬಂತು. ವೇದಿಕೆಯನ್ನು ದೊಡ್ಡ ಗುಡ್ಡೆಯ ಮೇಲೆಯೇ ಹಾಕಿದರು. ಸಹಜವಾಗಿ ಎತ್ತರವಾಗಿದ್ದ ಜಾಗ ಅದೊಂದೇ. ಮುಖ್ಯಾಧಿಕಾರಿಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಭಾಷಣ ಮಾಡಿದರು. ಏನು ಹೇಳಿದರೆಂದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಒಂದು ಕೈಯಲ್ಲಿ ಮೂಗು ಹಿಡಿದಿದ್ದರಿಂದ ಚಪ್ಪಾಳೆಯನ್ನು ತೊಡೆಯ ಮೇಲೆ ತಟ್ಟಿದರು. ಚುರುಕಕ್ಕನಿಗೆ ಖಾಯಂ ಆದೇಶ ಕೊಟ್ಟರು.

ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದಳು. ಕಣ್ಣಲ್ಲಿ ನೀರು, ಅರ್ಧ ಸಂತೋಷಕ್ಕೆ, ಅರ್ಧ ಘಾಟಿಗೆ.

“ಮನೆ ನಮ್ಮದಾಯ್ತು ಕಣೇ,” ಎಂದಳು, ಸೊಸೆಯ ಗಲ್ಲ ಹಿಡಿದು. “ಇನ್ನು ಸಾಯೋವರೆಗೂ ಕಿಟಕಿ ಒಂದು ತೆಗೆಯದಿದ್ರೆ ಆಯ್ತು.”

ಅತ್ತೆಸೊಸೆ ಮನೆಯ ಕಡೆಗೆ ನಡೆದರು. ದರ್ಜಿಯ ಅಂಗಡಿಯ ಮುಂದೆ ಹಣ್ಣಿನ ಸಿಪ್ಪೆಯೊಂದು ಕಾಲುದಾರಿಗೆ ಜಾರಿ ಬಿದ್ದಿತ್ತು. ಚುರುಕಕ್ಕ ಮಾತಾಡುತ್ತಲೇ ಬಗ್ಗಿ ಅದನ್ನು ಎತ್ತಿಕೊಂಡಳು.

“ಅಕ್ಕಾ! ಅಕ್ಕಾ! ಬಿಡಿ ಅದನ್ನ!” ಹೊಲಿಯುತ್ತಿದ್ದ ದರ್ಜಿ ಯಂತ್ರ ಬಿಟ್ಟು ಓಡಿ ಬಂದ. “ಇವತ್ತು ತಾನೇ ಖಾಯಂ ಆಗಿದೀರಿ, ಯಾರಾದ್ರೂ ನೋಡಿದ್ರೆ?”

“ಅವಳ ಕೈಗೆ ಬುದ್ಧಿಯಿಲ್ಲ ಕಣಪ್ಪ,” ಎಂದಳು ಅತ್ತೆ, ಅತ್ತಿತ್ತ ನೋಡುತ್ತಾ. “ಇಡೇ ಬೇಗ.”

ಚುರುಕಕ್ಕ ಸಿಪ್ಪೆಯನ್ನು ಎಲ್ಲಿಂದ ಎತ್ತಿದ್ದಳೋ ಸರಿಯಾಗಿ ಅಲ್ಲಿಯೇ ಇಟ್ಟಳು. ದರ್ಜಿ ಅದು ಮೊದಲು ಸ್ವಲ್ಪ ಎಡಕ್ಕಿತ್ತು ಎಂದ. ಎಡಕ್ಕೆ ಸರಿಸಿದಳು. ಗಾಳಿಗೆ ಹಾರಿ ಹೋದರೆ ತಪ್ಪು ತನ್ನ ಮೇಲೆ ಬಂದೀತೆಂದು ಅದರ ಮೇಲೊಂದು ಕಲ್ಲನ್ನೂ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ತನ್ನ ಹೆಸರಿನ ಮನೆಗೆ ಹೋದಳು.